ಅಪ್ಪೆಮಿಡಿಗೆ ಉಪ್ಪು ಕಡಿಮೆ ಹಾಕಿದೆ, ಮಿಡಿ ಮೆತ್ತಗಾಯಿತು: ತಪ್ಪಿದ್ದು ಎಲ್ಲಿ?

ಹೊಸಭರಣಿ (ಬೆಂಗಳೂರು), ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಈ ವರ್ಷ ಮೊದಲ ಬಾರಿಗೆ ಅಪ್ಪೆಮಿಡಿಯ, ಅಂದರೆ ಎಳೆಯ ಮಾವಿನ ಮಿಡಿಯ, ಉಪ್ಪಿನಕಾಯಿ ಹಾಕಲು ಹೊರಟು ಕೈ ಸುಟ್ಟುಕೊಂಡಿದ್ದೇನೆ. ನಗರದ ಮಾರುಕಟ್ಟೆಯೊಂದರಲ್ಲಿ ಮೂರು ಕಿಲೋ ಮಿಡಿ ತಂದು, ತೊಳೆದು, ಭರಣಿಯಲ್ಲಿ ಉಪ್ಪಿನ ಜೊತೆ ಹಾಕಿಟ್ಟೆ. ‘ಮಿಡಿ ನಾಲ್ಕಕ್ಕೆ ಉಪ್ಪು ಒಂದು’ ಎಂದು ನಮ್ಮ ಅತ್ತೆಯವರು ಹೇಳಿದ್ದರು. ಆದರೆ ನನ್ನ ತಂದೆಯವರಿಗೆ ರಕ್ತದೊತ್ತಡವಿದೆ, ಉಪ್ಪಿನಕಾಯಿಯಿಲ್ಲದೆ ಮೊಸರನ್ನ ಅವರ ಗಂಟಲಿಗೆ ಇಳಿಯುವುದೂ ಇಲ್ಲ. ಹಾಗಾಗಿ ಅವರಿಗೂ ತಿನ್ನಲು ಬರಲಿ ಎಂದು 300 ಗ್ರಾಂ ಪುಡಿ ಉಪ್ಪನ್ನು ಮಾತ್ರ ಹಾಕಿದೆ.

ಇಂದಿಗೆ ಹನ್ನೆರಡು ದಿನಗಳಾದವು. ಉಪ್ಪುನೀರು ಚೆನ್ನಾಗಿಯೇ ಬಿಟ್ಟಿದೆ, ಆದರೆ ಅದರ ಮೇಲೆ ತೆಳುವಾದ ಬಿಳಿಯ ಪೊರೆ ಕಟ್ಟಿದೆ. ಹುಳಿ ಬಂದ ದೋಸೆಹಿಟ್ಟಿನಂಥ ವಾಸನೆಯಿದೆ. ಮಿಡಿಗಳು ಚಿರುಟುವ ಬದಲು ಉಬ್ಬಿದಂತಿದ್ದು, ಹಿಸುಕಿದರೆ ಸಿಪ್ಪೆಯಿಂದ ತಿರುಳು ಜಾರುತ್ತದೆ. ಇದನ್ನು ಉಳಿಸಿಕೊಳ್ಳಬಹುದೇ? ಮುಂದಿನ ಸಲ ಏನು ಮಾಡಬೇಕು?

ಶರಾವತಿ ತೀರ (ಸಾಗರ ತಾಲ್ಲೂಕು), ಏಪ್ರಿಲ್ 6

ತಂಗಿ, ಉಪ್ಪಿನ ಮಾತು ಆಮೇಲೆ ಆಡೋಣ. ಮೊದಲು ಮೂರು ವಿಷಯ ತಿಳಿಸು. ಮಿಡಿಗಳಿಗೆ ತೊಟ್ಟು ಇತ್ತೇ? ತೊಳೆದ ಮೇಲೆ ಎಷ್ಟು ಹೊತ್ತು ಆರಲು ಬಿಟ್ಟೆ? ಒಂದು ಮಿಡಿಯನ್ನು ಉಗುರಿನಿಂದ ಒತ್ತಿ, ಮೂಸಿ ನೋಡಿ ಕೊಂಡೆಯೋ, ಕಣ್ಣಳತೆಯಲ್ಲಿ ಕೊಂಡೆಯೋ?

ಹೊಸಭರಣಿ, ಏಪ್ರಿಲ್ 6

ಅಮ್ಮ, ಅರ್ಧಕ್ಕಿಂತ ಹೆಚ್ಚಿನವಕ್ಕೆ ತೊಟ್ಟು ಇರಲಿಲ್ಲ, ಗೋಣಿಚೀಲದಲ್ಲಿ ತುಂಬಿ ತಂದಿದ್ದರು. ತೊಳೆದು ಜರಡಿಯಲ್ಲಿ ಸೋಸಿ, ಬಟ್ಟೆಯಲ್ಲಿ ಒಮ್ಮೆ ಒರೆಸಿ ಹಾಕಿಬಿಟ್ಟೆ. ಮೂಸಿ ನೋಡಬೇಕೆಂಬುದು ನನಗೆ ತಿಳಿದಿರಲಿಲ್ಲ.

ಶರಾವತಿ ತೀರ, ಏಪ್ರಿಲ್ 7

ಹಾಗಿದ್ದರೆ ನಿನ್ನ ಉಪ್ಪಿನಕಾಯಿ ಭರಣಿಗೆ ಬರುವ ಮೊದಲೇ ಅರ್ಧ ಕೆಟ್ಟಿತ್ತು. ವಿಷಯ ದೊಡ್ಡದು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಪ್ಪೆಮಿಡಿಯ ಗುಣವೆಲ್ಲ ಅದರ ಸೊನೆಯಲ್ಲಿದೆ. ನಮ್ಮಲ್ಲಿ ಹೊಳೆದಂಡೆಯ ಮರಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರಿರುವುದು ಈ ಸೊನೆಯ ಪರಿಮಳದಿಂದಾಗಿಯೇ. ಜೀರಿಗೆ ಮಿಡಿಯನ್ನು ಮುರಿದರೆ ಜೀರಿಗೆಯ ವಾಸನೆ, ಕರ್ಪೂರ ಅಪ್ಪೆಯನ್ನು ಮುರಿದರೆ ಕರ್ಪೂರದ ವಾಸನೆ ಬರುತ್ತದೆ. ಶಿರಸಿ ಸೀಮೆಯವರು ಅನಂತಭಟ್ಟನ ಅಪ್ಪೆಯ ಮುಂದೆ ಬೇರೆ ಯಾವುದನ್ನೂ ಒಪ್ಪುವುದಿಲ್ಲ (ಆ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ). ತೊಟ್ಟು ಮುರಿದ ಕೂಡಲೇ ಸೊನೆ ಚಿಮ್ಮಿ ಹೊರಗೆ ಹೋಗುತ್ತದೆ. ಪರಿಮಳ ಹೋಗುವುದು ಒಂದಾದರೆ, ತೊಟ್ಟಿನ ಜಾಗದಲ್ಲಿ ಬಾಯಿ ತೆರೆದು ಕೊಳೆಗೆ ದಾರಿಯಾಗುವುದು ಇನ್ನೊಂದು. ಆದ್ದರಿಂದಲೇ ಮಿಡಿ ಕೊಯ್ಯುವವರು ಮರ ಹತ್ತಿ, ಗೊಂಚಲನ್ನು ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಕೆಳಗಿಳಿಸುತ್ತಾರೆ. ನೆಲಕ್ಕೆ ಬಿದ್ದ ಮಿಡಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ನಾವು ಕೊಳ್ಳುವುದಿಲ್ಲ, ಏಕೆಂದರೆ ಹೊರಗೆ ಕಾಣದ ಪೆಟ್ಟು ಉಪ್ಪಿನಲ್ಲಿ ಹತ್ತು ದಿನ ಕಳೆದ ಮೇಲೆ ಕಪ್ಪಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿಯ ಸಂತೆಗಳಲ್ಲಿ ಒಳ್ಳೆಯ ಮಿಡಿಯನ್ನು ಕಿಲೋ ಲೆಕ್ಕದಲ್ಲಿ ಅಲ್ಲ, ನೂರರ ಲೆಕ್ಕದಲ್ಲಿ ಮಾರುವುದು ಸುಮ್ಮನೆ ಅಲ್ಲ.

ತೊಳೆದ ಮಿಡಿಯನ್ನು ಒಂದು ರಾತ್ರಿಯಿಡೀ ನೆರಳಿನಲ್ಲಿ ಹತ್ತಿ ಬಟ್ಟೆಯ ಮೇಲೆ ಹರಡಿ, ತೊಟ್ಟಿನ ಬುಡದಲ್ಲಿ ಕೂಡ ತೇವವಿಲ್ಲದಂತೆ ಆರಿಸಬೇಕು. ಮರುದಿನ ತೊಟ್ಟನ್ನು ಅರ್ಧ ಬೆರಳಿನಷ್ಟು ಉಳಿಸಿ ಕತ್ತರಿಸಿ, ಭರಣಿಯಲ್ಲಿ ಒಂದು ಪದರ ಹರಳುಪ್ಪು, ಒಂದು ಪದರ ಮಿಡಿ ಎಂಬಂತೆ ತುಂಬಿ, ಎಲ್ಲಕ್ಕಿಂತ ಮೇಲೆ ಉಪ್ಪನ್ನು ದಪ್ಪವಾಗಿ ಮುಚ್ಚಬೇಕು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಬುಡಮೇಲು ಮಾಡುತ್ತಿದ್ದರೆ ಮೂರನೆಯ ದಿನಕ್ಕೆ ನೀರು ಮೇಲೆ ಬರುತ್ತದೆ, ಹತ್ತರಿಂದ ಹದಿನೈದು ದಿನಗಳಲ್ಲಿ ಮಿಡಿ ಹಸಿರು ಕಳೆದು ಮಾಸಲು ಬಣ್ಣಕ್ಕೆ ತಿರುಗಿ ಚಿರುಟುತ್ತದೆ. ಚೆನ್ನಾಗಿ ಚಿರುಟಿದ ಮಿಡಿ ನೋಡಲು ಅಜ್ಜಿಯ ಗಲ್ಲದಂತಿದ್ದರೂ ಕಚ್ಚಿದಾಗ ಕಟುಂ ಎನ್ನಬೇಕು.

ಇನ್ನು ಉಪ್ಪು. ನಿಮ್ಮ ಅತ್ತೆಯವರು ಹೇಳಿದ ‘ನಾಲ್ಕಕ್ಕೆ ಒಂದು’ ಸರಿಯಾದ ಮಾತು. ಆದರೆ ಅದು ಸೇರಿನ ಲೆಕ್ಕ, ತಕ್ಕಡಿಯ ಲೆಕ್ಕವಲ್ಲ. ನಮ್ಮ ಮನೆಯ ಸೇರಿನಲ್ಲಿ ಅಳೆದು ತೂಗಿ ನೋಡಿದ್ದೇನೆ. ಮಿಡಿಗಳ ನಡುವೆ ಸಂದು ಇರುವುದರಿಂದ ಒಂದು ಸೇರು ಮಿಡಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅದೇ ಸೇರಿನ ಹರಳುಪ್ಪು ಹತ್ತಿರಹತ್ತಿರ ಒಂದು ಕಿಲೋ ತೂಗುತ್ತದೆ. ಹಾಗಾಗಿ ನಿನ್ನ ಮೂರು ಕಿಲೋ ಮಿಡಿಗೆ ಕಡಿಮೆಯೆಂದರೂ ಒಂದು ಕಿಲೋ ಉಪ್ಪು ಬೇಕಿತ್ತು. ನೀನು ಅದರ ಮೂರನೆಯ ಒಂದು ಭಾಗವನ್ನೂ ಹಾಕಿಲ್ಲ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ), ಏಪ್ರಿಲ್ 7

ಸೇರಿನ ಮಾತು ಓದಿ ನಗು ಬಂತು, ಏಕೆಂದರೆ ಇಲ್ಲಿಯೂ ಅದೇ ಕಥೆ. ಇಲ್ಲಿಯ ಅಡುಗೆ ಬರಹಗಳಲ್ಲಿ ಉಪ್ಪನ್ನು ಕಪ್ಪಿನಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಎರಡು ಬಗೆಯ ದಪ್ಪ ಉಪ್ಪಿನಲ್ಲಿ ಒಂದು ಕಪ್ಪಿಗೆ 140 ಗ್ರಾಂನಷ್ಟು ತೂಗಿದರೆ ಇನ್ನೊಂದು 240 ಗ್ರಾಂನ ಆಸುಪಾಸಿನಲ್ಲಿರುತ್ತದೆ. ನನ್ನ ಮೊದಲ ಎರಡು ಜಾಡಿ ಸೌತೆಕಾಯಿ ಈ ಕಾರಣಕ್ಕೇ ಹಾಳಾದವು. ಈಗ ತಕ್ಕಡಿಯಿಲ್ಲದೆ ಉಪ್ಪು ಮುಟ್ಟುವುದಿಲ್ಲ.

ಆದರೆ ನನಗೊಂದು ಸಂಶಯವಿದೆ. ನಾನು ಸೌತೆಮಿಡಿಗೆ ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪನ್ನು ಮಾತ್ರ ಹಾಕುತ್ತೇನೆ, ಅಂದರೆ ಶೇಕಡಾ 5ಕ್ಕಿಂತ ಸ್ವಲ್ಪ ಕಡಿಮೆ. ಅದು ಕೆಡುವುದಿಲ್ಲ, ಎರಡು ವಾರಗಳಲ್ಲಿ ಒಳ್ಳೆಯ ಹುಳಿ ಬರುತ್ತದೆ. ಹೊಸಭರಣಿ ಅವರು ಅದಕ್ಕಿಂತ ಎಷ್ಟೋ ಹೆಚ್ಚು ಹಾಕಿದ್ದಾರೆ. ಕಡಿಮೆ ಉಪ್ಪಿನ ಸೌತೆ ಉಳಿಯುವುದಾದರೆ, ಅದಕ್ಕಿಂತ ಹೆಚ್ಚು ಉಪ್ಪಿನ ಮಾವು ಏಕೆ ಕೆಟ್ಟಿತು?

ಲವಣಾಂಶ (ಮೈಸೂರು), ಏಪ್ರಿಲ್ 8

ನಾನು ಆಹಾರ ಸಂಸ್ಕರಣೆಯ ಕ್ಷೇತ್ರದಲ್ಲಿ ಕೆಲಸ ಮಾಡಿದವನು. ಎಡಿಸನ್ ಕನ್ನಡಿಗ ಅವರ ಪ್ರಶ್ನೆಯಲ್ಲೇ ಈ ಇಡೀ ಚರ್ಚೆಯ ಗಂಟು ಇದೆ.

ಉಪ್ಪಿನಲ್ಲಿ ಹಾಕಿಡುವುದು ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಕೆಲಸ ನಿಜವಾಗಿ ಎರಡು ಬೇರೆ ವಿಧಾನಗಳು. ಮೊದಲನೆಯದರಲ್ಲಿ ಉಪ್ಪು ಬಾಗಿಲು ಕಾಯುವ ಆಳು. ಶೇಕಡಾ 2ರಿಂದ 5ರಷ್ಟು ಉಪ್ಪಿನಲ್ಲಿ ಕೊಳೆಸುವ ಹಲವು ಬ್ಯಾಕ್ಟೀರಿಯಾಗಳು ಹಿಂದೆ ಸರಿಯುತ್ತವೆ. ಮೊಸರು ಹೆಪ್ಪುಗಟ್ಟಿಸುವ ಬಳಗಕ್ಕೆ ಸೇರಿದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಮಾತ್ರ ಅಲ್ಲಿ ಆರಾಮವಾಗಿ ಬೆಳೆದು, ತರಕಾರಿಯ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಅಲ್ಲಿ ತರಕಾರಿಯನ್ನು ಕೊನೆಯವರೆಗೂ ಕಾಯುವುದು ಆ ಆಮ್ಲ. ಸೌತೆಮಿಡಿ, ಕೊರಿಯಾದವರ ಕಿಮ್ಚಿ, ಜರ್ಮನಿಯ ಹುಳಿ ಎಲೆಕೋಸು ಎಲ್ಲವೂ ಈ ಜಾತಿಗೆ ಸೇರಿದವು. ಎರಡನೆಯ ವಿಧಾನದಲ್ಲಿ ಉಪ್ಪೇ ಯಜಮಾನ. ಕೋಣೆಯ ಉಷ್ಣಾಂಶದಲ್ಲಿ ನೀರು ತನ್ನಲ್ಲಿ ಕರಗಿಸಿಕೊಳ್ಳಬಲ್ಲ ಉಪ್ಪಿನ ಮಿತಿ ತೂಕದಲ್ಲಿ ಸುಮಾರು ಶೇಕಡಾ 26. ಆ ಮಿತಿಗೆ ಹತ್ತಿರವಾದ ಉಪ್ಪುನೀರಿನಲ್ಲಿ ಹುಳಿ ಬರಿಸುವ ಜೀವಿಗಳಿಗೂ ಬದುಕು ಸಾಗದು. ಅಪ್ಪೆಮಿಡಿ ಹುಳಿಯಾಗಿರುವುದು ಹುದುಗಿದ್ದರಿಂದಲ್ಲ, ಅದು ಹುಟ್ಟಿದ್ದೇ ಹುಳಿಯಾಗಿ.

ಹೊಸಭರಣಿ ಅವರ ಲೆಕ್ಕ ನೋಡೋಣ. ಎಳೆಯ ಮಿಡಿಯಲ್ಲಿ ನೂರಕ್ಕೆ ಎಂಬತ್ತೈದು ಭಾಗ ನೀರು ಎಂದು ಹಿಡಿದರೆ, ಮೂರು ಕಿಲೋ ಮಿಡಿಯಲ್ಲಿ ಎರಡೂವರೆ ಕಿಲೋಗೆ ಸ್ವಲ್ಪ ಹೆಚ್ಚು ನೀರಿದೆ. 300 ಗ್ರಾಂ ಉಪ್ಪು ಅದರಲ್ಲಿ ಕರಗಿ ಸಮವಾದಾಗ ಆಗುವುದು ಶೇಕಡಾ 10ರ ಆಸುಪಾಸಿನ ಉಪ್ಪುನೀರು. ಒಳ್ಳೆಯ ಹುಳಿ ಚುರುಕಾಗಿ ಬರಲು ಇದು ಹೆಚ್ಚಾಯಿತು, ಎಲ್ಲವನ್ನೂ ನಿಲ್ಲಿಸಿಬಿಡಲು ಕಡಿಮೆಯಾಯಿತು. ಈ ನಡುವಿನ ಜಾಗದಲ್ಲಿ ಉಪ್ಪನ್ನೂ ಹುಳಿಯನ್ನೂ ತಡೆದುಕೊಳ್ಳುವ ಯೀಸ್ಟ್‌ಗಳು ಸೊಂಪಾಗಿ ಬೆಳೆಯುತ್ತವೆ. ನಿಮ್ಮ ಬಿಳಿಯ ಪೊರೆ ಅದೇ. ಇದರ ಜೊತೆಗೆ ಕಾಯಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಅಂಟನ್ನು ಕರಗಿಸುವ ಕಿಣ್ವಗಳು ಕೆಲಸ ಮಾಡಲು ಹನ್ನೆರಡು ದಿನಗಳ ಬಿಡುವು ಸಿಕ್ಕಿತು. ಏಪ್ರಿಲ್ ತಿಂಗಳ ಸೆಕೆ ಅದಕ್ಕೆ ಒತ್ತಾಸೆಯಾಯಿತು. ಮಿಡಿ ಮೆತ್ತಗಾದದ್ದು ಹೀಗೆ.

ಶರಾವತಿ ತೀರದ ಅಮ್ಮನವರ ಲೆಕ್ಕದಂತೆ ಒಂದು ಕಿಲೋ ಉಪ್ಪು ಹಾಕಿದ್ದರೆ ಅದು ಶೇಕಡಾ 28 ಆಗುತ್ತಿತ್ತು, ಅಂದರೆ ಕರಗುವ ಮಿತಿಗಿಂತ ತುಸು ಹೆಚ್ಚು.

ಶರಾವತಿ ತೀರ, ಏಪ್ರಿಲ್ 8

ಅದಕ್ಕೇ ನಮ್ಮತ್ತೆಯವರು ಸೌಟನ್ನು ತಳಕ್ಕೆ ಇಳಿಸಿ ಕೆರೆದು ನೋಡುತ್ತಿದ್ದರು. ಹದಿನೈದನೆಯ ದಿನವೂ ತಳದಲ್ಲಿ ಕರಕರ ಎಂದರೆ ಉಪ್ಪು ಸಾಕು ಎಂದರ್ಥ, ಎನ್ನದಿದ್ದರೆ ಇನ್ನೊಂದು ಹಿಡಿ ಬೀಳುತ್ತಿತ್ತು. ಶೇಕಡಾ ಇಪ್ಪತ್ತಾರು ಎಂಬುದು ಅವರಿಗೆ ತಿಳಿದಿರಲಿಲ್ಲ.

ಬಯಲುಸೀಮೆ (ದಾವಣಗೆರೆ), ಏಪ್ರಿಲ್ 8

ನಮ್ಮ ಕಡೆ ಮಾವಿನಕಾಯಿಯನ್ನು ಹೋಳು ಮಾಡಿ, ಎಣ್ಣೆ ಮೇಲೆ ನಿಲ್ಲುವಷ್ಟು ಸುರಿದು ಇಡುತ್ತೇವೆ. ಪೊರೆ ಕಟ್ಟಿದ್ದನ್ನು ನಾನು ಕಂಡಿಲ್ಲ. ಈ ಮಿಡಿಯ ಮೇಲೂ ಎರಡು ಬೆರಳು ಎಣ್ಣೆ ಸುರಿದಿದ್ದರೆ ತೊಂದರೆಯೇ ಇರುತ್ತಿರಲಿಲ್ಲವಲ್ಲ?

ಲವಣಾಂಶ, ಏಪ್ರಿಲ್ 8

ಎಣ್ಣೆ ಗಾಳಿಯನ್ನು ತಡೆಯುತ್ತದೆ. ಹಾಗಾಗಿ ಗಾಳಿ ಬೇಕಾದ ಪೊರೆ ಮತ್ತು ಬೂಷ್ಟು ಏಳುವುದಿಲ್ಲ. ಆದರೆ ಎಣ್ಣೆಯ ಕೆಳಗೆ ಮಿಡಿ ಮೆತ್ತಗಾಗುವುದನ್ನು ಅದು ತಡೆಯುವುದಿಲ್ಲ. ನಿಮ್ಮ ಹೋಳುಗಳು ಉಳಿಯುವುದು ಎಣ್ಣೆಯೊಂದರಿಂದಲ್ಲ, ಉಪ್ಪು, ಖಾರ, ಸಾಸಿವೆ, ಬಿಸಿಲು ಎಲ್ಲವೂ ಸೇರಿ.

ಪುತ್ತೂರಿನ ಅಡುಗೆಮನೆ (ದಕ್ಷಿಣ ಕನ್ನಡ), ಏಪ್ರಿಲ್ 9

ಲವಣಾಂಶ ಅವರು ಹೇಳಿದ ಎರಡನೆಯ ವಿಧಾನಕ್ಕೆ ನಮ್ಮ ಉಪ್ಪುಸೊಳೆಯನ್ನೂ ಸೇರಿಸಬೇಕು. ಬಲಿತ ಹಲಸಿನಕಾಯಿಯ ಸೊಳೆಯನ್ನು ಬಿಡಿಸಿ ಉಪ್ಪಿನಲ್ಲಿ ಒತ್ತಿ ತುಂಬಿ, ಮೇಲೆ ಬಾಳೆ ಎಲೆ ಹಾಸಿ, ತೊಳೆದ ಹೊಳೆಕಲ್ಲನ್ನು ಭಾರಕ್ಕೆ ಇಡುತ್ತೇವೆ. ಆಟಿ ತಿಂಗಳಿನ ಜಡಿಮಳೆಯಲ್ಲಿ ತರಕಾರಿ ಸಿಗದಿದ್ದಾಗ ಅದನ್ನು ತೆಗೆದು, ನೀರು ಬದಲಿಸುತ್ತ ನೆನೆಸಿ, ಹಿಂಡಿ, ಪಲ್ಯವನ್ನೋ ರೊಟ್ಟಿಯನ್ನೋ ಎಣ್ಣೆಯಲ್ಲಿ ಕರಿದ ಉಂಡ್ಲಕಾಳನ್ನೋ ಮಾಡುತ್ತೇವೆ. ಅಂದರೆ ಭರಣಿಯಲ್ಲಿ ಇರುವಾಗಿನ ಉಪ್ಪು ಬೇರೆ, ಬಾಳೆಲೆಗೆ ಬರುವಾಗಿನ ಉಪ್ಪು ಬೇರೆ. ಹೊಸಭರಣಿ ಅವರು ತಂದೆಯವರಿಗಾಗಿ ಉಪ್ಪನ್ನು ಕಡಿಮೆ ಮಾಡಬೇಕಾದದ್ದು ಭರಣಿಯಲ್ಲಿ ಅಲ್ಲ ಎಂದು ನನಗೆ ತೋರುತ್ತದೆ.

ಲವಣಾಂಶ, ಏಪ್ರಿಲ್ 9

ಒಪ್ಪುತ್ತೇನೆ. ಉಪ್ಪುಸೊಳೆಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಮಾವಿಗೆ ತನ್ನದೇ ಆದ ಹುಳಿಯ ರಕ್ಷಣೆಯಿದೆ, ಹಲಸಿಗೆ ಅದಿಲ್ಲ. ಬಾಟುಲಿಸಂ ಎಂಬ ಮಾರಕ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯದಿರಲು ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿರಬೇಕು, ಇಲ್ಲವೇ ಉಪ್ಪುನೀರು ಶೇಕಡಾ 10ನ್ನು ದಾಟಿರಬೇಕು. ಆದ್ದರಿಂದ ಸೊಳೆಯ ಉಪ್ಪನ್ನು ಆರೋಗ್ಯದ ಹೆಸರಿನಲ್ಲಿ ಕಡಿಮೆ ಮಾಡಲು ಯಾರೂ ಹೋಗಬೇಡಿ. ಕಡಿಮೆ ಮಾಡಿದ ಮಾವು ಮೆತ್ತಗಾಗಿ ಬೇಸರ ತರಿಸುತ್ತದೆ ಅಷ್ಟೆ, ಹಲಸಿನ ವಿಷಯ ಹಾಗಲ್ಲ.

ಹೊಸಭರಣಿ, ಏಪ್ರಿಲ್ 9

ಈಗ ಇರುವ ಮಿಡಿಯನ್ನು ಏನು ಮಾಡಲಿ? ಎಸೆಯಲು ಮನಸ್ಸು ಬರುತ್ತಿಲ್ಲ. ಹಾಗೆಯೇ, ಅಂಗಡಿಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಇರುವುದರಿಂದಲೇ ಹೀಗಾಯಿತು ಎಂದು ನಮ್ಮ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಶರಾವತಿ ತೀರ, ಏಪ್ರಿಲ್ 9

ಪೊರೆಯನ್ನು ಸೌಟಿನಿಂದ ತೆಗೆದುಬಿಡು. ಗಟ್ಟಿ ಇರುವ ಮಿಡಿಗಳನ್ನು ಆರಿಸಿಕೊಂಡು ಅಪ್ಪೆಹುಳಿ ಮಾಡು. ಮಿಡಿಯನ್ನು ಕುದಿಸಿ ಕಿವುಚಿ, ನೀರು ಬೆರೆಸಿ, ಒಣಮೆಣಸು, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಈ ಸೆಕೆಗೆ ಕುಡಿಯಲು ಹಿತವಾಗಿರುತ್ತದೆ. ಬೇರೆ ಉಪ್ಪು ಹಾಕುವ ಅಗತ್ಯವೇ ಬೀಳದು.

ಲವಣಾಂಶ, ಏಪ್ರಿಲ್ 10

ಅಮ್ಮನವರ ಮಾತಿಗೆ ಒಂದು ಷರತ್ತು ಹಾಕುತ್ತೇನೆ. ಪೊರೆ ಬಿಳಿಯಾಗಿ, ಚಪ್ಪಟೆಯಾಗಿ, ಹಾಲಿನ ಕೆನೆಯಂತಿದ್ದು ವಾಸನೆ ಬರಿಯ ಹುಳಿಯಾಗಿದ್ದರೆ ಮಾತ್ರ ಹಾಗೆ ಮಾಡಿ. ಹತ್ತಿಯಂಥ ಎಳೆಗಳು ಎದ್ದಿದ್ದರೆ, ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣ ಕಂಡರೆ ಅದು ಬೂಷ್ಟು, ಇಲ್ಲವೇ ಬೇರೆ ಬಗೆಯ ಕೆಡುಕು. ಅಂಥದ್ದನ್ನು ಮೇಲಿನಿಂದ ತೆಗೆದರೂ ಕೆಳಗಿನದು ಶುದ್ಧವಾಗುವುದಿಲ್ಲ, ಎಸೆಯಬೇಕು. ಅನುಮಾನವಿದ್ದರೂ ಎಸೆಯುವುದೇ ಮೇಲು.

ಅಯೋಡಿನ್ ನಿರಪರಾಧಿ. ಪುಡಿ ಉಪ್ಪು ಗಂಟುಕಟ್ಟದಿರಲು ಬೆರೆಸುವ ಪದಾರ್ಥದಿಂದ ಉಪ್ಪುನೀರು ಸ್ವಲ್ಪ ಕಲಕಿದಂತೆ ಕಾಣಬಹುದು, ಅಷ್ಟೆ. ಹರಳುಪ್ಪಿನ ಅನುಕೂಲ ಬೇರೆ. ಅದು ನಿಧಾನವಾಗಿ ಕರಗುವುದರಿಂದ ಪದರಗಳ ನಡುವೆ ಹಲವು ದಿನ ಉಳಿಯುತ್ತದೆ. ಸಮುದ್ರದ ಉಪ್ಪಿನಲ್ಲಿ ಅಲ್ಪಸ್ವಲ್ಪ ಸುಣ್ಣದ ಅಂಶವೂ ಇದ್ದು, ಪೆಕ್ಟಿನ್ ಗಟ್ಟಿಯಾಗಿರಲು ಅದು ನೆರವಾಗುತ್ತದೆ.

ಶರಾವತಿ ತೀರ, ಏಪ್ರಿಲ್ 10

ನಮ್ಮ ಮನೆಗೆ ಮೊದಲಿನಿಂದಲೂ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು. ಬಣ್ಣ ಸ್ವಲ್ಪ ಕಂದು, ಅದಕ್ಕೆ ಹೆದರಬೇಕಿಲ್ಲ. ಆರಿಸಿ, ಒಮ್ಮೆ ಬಿಸಿಲಿಗೆ ಹಾಕಿ ಬಳಸುತ್ತೇವೆ.

ಎಡಿಸನ್ ಕನ್ನಡಿಗ, ಏಪ್ರಿಲ್ 10

ಮಸಾಲೆಯ ಹಂತವನ್ನೂ ಯಾರಾದರೂ ಬರೆಯಬೇಕು. ನಮ್ಮ ತಾಯಿಯವರು ಉಪ್ಪುನೀರನ್ನು ಕುದಿಸಿ ಆರಿಸಿ ಅದರಲ್ಲಿ ಸಾಸಿವೆ ರುಬ್ಬುತ್ತಿದ್ದರು, ನಾನು ಅವಸರಕ್ಕೆ ಬಿಸಿಯಿರುವಾಗಲೇ ರುಬ್ಬಿದರೆ ಖಾರವೇ ಬರುವುದಿಲ್ಲ.

(ಒಂದು ಪಕ್ಕದ ಮಾತು: ಇಲ್ಲಿ ಹ್ಯಾಂಬರ್ಗರಿನ ಜೊತೆ ಕೊಡುವ ಉಪ್ಪುಸೌತೆಯ ಬಾಟಲಿಯ ಹಿಂದೆ ಭಾರತದ ಉತ್ಪನ್ನ ಎಂದು ಬರೆದಿದ್ದರೆ, ಅದು ಕರ್ನಾಟಕದ ಹೊಲದ ಮಿಡಿಸೌತೆಯಾಗಿರುವ ಸಾಧ್ಯತೆ ಬಹಳ. ನಮ್ಮೂರಿನವರು ಅದನ್ನು ಬೆಳೆಯುತ್ತಾರೆ, ತಿನ್ನುವುದಿಲ್ಲ.)

ಲವಣಾಂಶ, ಏಪ್ರಿಲ್ 11

ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಕಾಳು ಒಡೆದು ನೀರು ತಗಲಿದಾಗ ಅದರೊಳಗಿನ ಒಂದು ಕಿಣ್ವವು ಇನ್ನೊಂದು ಪದಾರ್ಥವನ್ನು ಒಡೆದು ಮೂಗಿಗೇರುವ ಆ ಘಾಟನ್ನು ಹುಟ್ಟಿಸುತ್ತದೆ. ಬಿಸಿ ನೀರು ಬಿದ್ದರೆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದೇ ಇಲ್ಲ. ಆ ಘಾಟಿನ ಎಣ್ಣೆ ಬೂಷ್ಟಿಗೂ ಯೀಸ್ಟಿಗೂ ಒಳ್ಳೆಯ ಶತ್ರು, ಆದ್ದರಿಂದ ಸಾಸಿವೆ ಮಿಡಿಗೆ ರುಚಿಯೂ ಹೌದು, ಕಾವಲೂ ಹೌದು. ನಿಮ್ಮ ತಾಯಿಯವರು ಮಾಡುತ್ತಿದ್ದುದು ಸರಿ.

ಶರಾವತಿ ತೀರ, ಏಪ್ರಿಲ್ 11

ಕ್ರಮವನ್ನು ಹೇಳಿಬಿಡುತ್ತೇನೆ. ಚಿರುಟಿದ ಮಿಡಿಯನ್ನು ಬುಟ್ಟಿಗೆ ತೋಡಿ, ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ, ನೊರೆ ತೆಗೆದು, ಒಂದು ರಾತ್ರಿ ಆರಲು ಬಿಡಬೇಕು. ಪಾತ್ರೆಯನ್ನು ತಟ್ಟೆಯಿಂದ ಮುಚ್ಚಬಾರದು, ತೆಳುವಾದ ಬಟ್ಟೆ ಕಟ್ಟಬೇಕು. ತಟ್ಟೆ ಮುಚ್ಚಿದರೆ ಹಬೆ ಅದರ ಅಡಿಯಲ್ಲಿ ಹನಿಗಟ್ಟಿ ಮತ್ತೆ ಒಳಗೆ ಬೀಳುತ್ತದೆ. ಆ ಹನಿ ಉಪ್ಪಿಲ್ಲದ ಬರಿಯ ನೀರು, ಅದು ನಿಂತ ಜಾಗದಿಂದಲೇ ಬೂಷ್ಟು ಏಳುತ್ತದೆ. ಬಿಸಿಲಲ್ಲಿ ಒಣಗಿಸಿದ ಬ್ಯಾಡಗಿ ಮೆಣಸು, ಹಸಿ ಸಾಸಿವೆ, ಅರಿಸಿನ, ಸ್ವಲ್ಪ ಇಂಗು ಇಷ್ಟನ್ನೂ ಆರಿದ ಉಪ್ಪುನೀರಿನಲ್ಲೇ ನುಣ್ಣಗೆ ರುಬ್ಬಿ, ಮಿಡಿಗೆ ಕಲಸಿ, ಭರಣಿಯಲ್ಲಿ ಗಾಳಿಯ ಸಂದು ಉಳಿಯದಂತೆ ಒತ್ತಿ ತುಂಬಬೇಕು. ಬೇರೆ ನೀರು ಒಂದು ತೊಟ್ಟೂ ಕೂಡದು. ಒಂದು ತಿಂಗಳು ಮುಟ್ಟಬೇಡ. ಅಲ್ಯೂಮಿನಿಯಂ, ಕಬ್ಬಿಣ ಯಾವುದೂ ಇದರ ಹತ್ತಿರ ಸುಳಿಯಬಾರದು.

ಹೊಸಭರಣಿ, ಏಪ್ರಿಲ್ 12

ನನ್ನದು ಬಿಳಿಯ ಪೊರೆಯೇ ಆಗಿತ್ತು. ಆರಿಸಿ ನೋಡಿದಾಗ ನಲವತ್ತು ಮಿಡಿ ಮಾತ್ರ ಗಟ್ಟಿಯಿದ್ದವು, ಅವುಗಳಲ್ಲಿ ಮೂವತ್ತಾರಕ್ಕೆ ತೊಟ್ಟು ಇತ್ತು! ಅಪ್ಪೆಹುಳಿ ಮಾಡಿದೆ. ಉಳಿದದ್ದು ತೆಂಗಿನ ಬುಡಕ್ಕೂ ಹಾಕದೆ ಕಸಕ್ಕೆ ಹೋಯಿತು.

ಹೊಸಭರಣಿ, ಮರುವರ್ಷ ಏಪ್ರಿಲ್ 21

ಹಳೆಯ ಚರ್ಚೆಯನ್ನು ಮತ್ತೆ ಮೇಲಕ್ಕೆ ತರುತ್ತಿರುವುದಕ್ಕೆ ಕ್ಷಮಿಸಿ. ಈ ಸಲ ಪರಿಚಿತರೊಬ್ಬರು ಹೊಸನಗರದ ಕಡೆಯಿಂದ ಬರುವಾಗ ತೊಟ್ಟು ಸಮೇತ ಇನ್ನೂರು ಜೀರಿಗೆ ಮಿಡಿ ತಂದುಕೊಟ್ಟರು. ತೂಗಿದಾಗ ಒಂದು ಕಿಲೋ 860 ಗ್ರಾಂ ಇತ್ತು. ರಾತ್ರಿಯಿಡೀ ಆರಿಸಿ, 620 ಗ್ರಾಂ ಹರಳುಪ್ಪು ಹಾಕಿದೆ. ಹದಿನಾಲ್ಕನೆಯ ದಿನ ಸೌಟು ಇಳಿಸಿದಾಗ ತಳದಲ್ಲಿ ಅಮ್ಮನವರು ಹೇಳಿದ ಕರಕರ ಕೇಳಿಸಿತು. ಒಂದು ಮಿಡಿಯನ್ನು ಕಚ್ಚಿದ ಸದ್ದಿಗೆ ಕೋಣೆಯಲ್ಲಿದ್ದ ಮಗಳು ಬಂದು ಏನು ಮುರಿಯಿತು ಎಂದು ಕೇಳಿದಳು.

ತಂದೆಯವರ ವಿಷಯದಲ್ಲಿ ಲವಣಾಂಶ ಅವರಲ್ಲಿ ಒಂದು ಲೆಕ್ಕ ಕೇಳಬೇಕಿತ್ತು. ದಿನಕ್ಕೊಂದು ಮಿಡಿ ಕೊಡಬಹುದೇ?

ಲವಣಾಂಶ, ಏಪ್ರಿಲ್ 22

ಚಿರುಟಿದ ಮಿಡಿ ಎಂಟು ಗ್ರಾಂ ತೂಗಿದರೆ ಅದರಲ್ಲಿ ಒಂದೂವರೆಯಿಂದ ಎರಡು ಗ್ರಾಂ ಉಪ್ಪು ಇರುತ್ತದೆ. ಇಡೀ ದಿನದ ಎಲ್ಲ ಅಡುಗೆಯೂ ಸೇರಿ ಐದು ಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅದೂ ರಕ್ತದೊತ್ತಡ ಇರುವ, ಇಲ್ಲದಿರುವ ವಯಸ್ಕರೆಲ್ಲರಿಗೂ. ಅರ್ಧ ಮಿಡಿಯನ್ನು ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಿಂಡಿ, ಸಾರಿನ ಉಪ್ಪನ್ನು ಅಂದಿನ ಮಟ್ಟಿಗೆ ಕಡಿಮೆ ಮಾಡಿ ಕೊಟ್ಟು ನೋಡಬಹುದು. ಆದರೆ ಅವರನ್ನು ನೋಡುತ್ತಿರುವ ವೈದ್ಯರ ಮಾತೇ ಅಂತಿಮ.

ಹೊಸಭರಣಿ, ಏಪ್ರಿಲ್ 29

ವೈದ್ಯರು ವಾರಕ್ಕೆ ಎರಡು ದಿನ ಅರ್ಧರ್ಧ ಮಿಡಿಗೆ ಒಪ್ಪಿದ್ದಾರೆ. ತಂದೆಯವರು ಅದಕ್ಕೆ ತಕರಾರು ಮಾಡಲಿಲ್ಲ, ಮಿಡಿ ಬೇಡವೇ ಬೇಡ, ಬರಿಯ ರಸ ಒಂದು ಚಮಚ ಹಾಕು ಸಾಕು ಎನ್ನುತ್ತಿದ್ದಾರೆ.

ಶರಾವತಿ ತೀರ, ಏಪ್ರಿಲ್ 29

ಭರಣಿಯನ್ನು ಅಟ್ಟದ ಮೇಲಿಡು, ತಂಗಿ. ಏಣಿಯನ್ನು ಪಕ್ಕದ ಮನೆಯಲ್ಲಿಡು.